ಮನೆಯವರ ಕಿಡ್ನಿ ಕಾಯಿಲೆ ಮುಂದುವರಿದ ಹಂತದಲ್ಲಿದೆ ಎಂದು ತಿಳಿದಾಗ: ಮೊದಲ ತಿಂಗಳುಗಳಲ್ಲಿ ಮಾಡಬೇಕಾದ ಕೆಲಸಗಳು

"ಅಪ್ಪನ ಕ್ರಿಯಾಟಿನಿನ್ ಆರಕ್ಕೆ ಹೋಗಿದೆ, ಡಯಾಲಿಸಿಸ್‌ಗೆ ಸಿದ್ಧರಾಗಿ ಎಂದಿದ್ದಾರೆ, ಈಗ ನಾವು ಏನು ಮಾಡಬೇಕು?" ಓದುಗರ ಪತ್ರಗಳಲ್ಲಿ ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಮತ್ತೆ ಮತ್ತೆ ಬರುತ್ತಿರುವುದರಿಂದ, ಒಬ್ಬೊಬ್ಬರಿಗೆ ತುಂಡು ತುಂಡಾಗಿ ಉತ್ತರಿಸುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ. ಅಪ್ಪನ ಜಾಗದಲ್ಲಿ ಅತ್ತೆ, ಗಂಡ ಅಥವಾ ತಂಗಿ ಇರಬಹುದು. ಆದರೆ ಕೇಳುವವರು ಬಹುಪಾಲು ರೋಗಿಯಲ್ಲ, ರೋಗಿಯ ಜೊತೆ ಆಸ್ಪತ್ರೆಗೆ ಹೋಗಿ ಬಂದವರು. ಈ ಲೇಖನವೂ ಅವರಿಗಾಗಿಯೇ ಇದೆ.

ಕಿಡ್ನಿ ಕಾಯಿಲೆ ಐದು ಹಂತಗಳಲ್ಲಿ ನಾಲ್ಕನೆಯದಕ್ಕೆ ಬಂದಿದೆ ಎಂದು ಗೊತ್ತಾದ ದಿನಕ್ಕೂ ಡಯಾಲಿಸಿಸ್, ಅಂದರೆ ಕಿಡ್ನಿಯ ಬದಲಿಗೆ ದೇಹದ ಕಸ ತೆಗೆಯುವ ಚಿಕಿತ್ಸೆ, ಶುರುವಾಗುವ ದಿನಕ್ಕೂ ನಡುವೆ ಸಾಮಾನ್ಯವಾಗಿ ತಿಂಗಳುಗಳು, ಕೆಲವರಿಗೆ ವರ್ಷಗಳೇ ಸಿಗುತ್ತವೆ. ಎಷ್ಟೋ ಕುಟುಂಬಗಳು ಆ ಅವಧಿಯನ್ನು ವರದಿಯನ್ನೇ ನಂಬದೆ, ಯಾರೋ ಹೇಳಿದ ಔಷಧಿಯನ್ನು ಹುಡುಕುತ್ತ ಕಳೆದುಬಿಡುತ್ತವೆ. ಕೊನೆಗೆ ಒಂದು ರಾತ್ರಿ ರೋಗಿಗೆ ಉಸಿರು ಕಟ್ಟಿ, ತುರ್ತು ವಿಭಾಗಕ್ಕೆ ಓಡಿ, ಕುತ್ತಿಗೆಯ ರಕ್ತನಾಳಕ್ಕೆ ನಳಿಕೆ ತೂರಿಸಿ ಡಯಾಲಿಸಿಸ್ ಆರಂಭಿಸಬೇಕಾಗುತ್ತದೆ. ಹಾಗಾಗದಂತೆ ಈ ಅವಧಿಯನ್ನು ಬಳಸಿಕೊಳ್ಳುವುದು ಹೇಗೆ ಎಂಬುದಷ್ಟೇ ಕೆಳಗಿನ ಹೆಜ್ಜೆಗಳ ಉದ್ದೇಶ. ಇದು ವೈದ್ಯರ ಸಲಹೆಗೆ ಬದಲಿಯಲ್ಲ. ವೈದ್ಯರ ಮುಂದೆ ಕುಳಿತಾಗ ಏನು ಕೇಳಬೇಕೆಂದು ನಿಮಗೆ ತಿಳಿದಿರಲಿ ಎಂಬುದಕ್ಕೆ ಬರೆದದ್ದು.

ಮೊದಲು ಮನೆಯಲ್ಲಿ ಕೆಲವು ವಸ್ತುಗಳು ಇರಲಿ: ದಿನಾಂಕದ ಕ್ರಮದಲ್ಲಿ ವರದಿ ಜೋಡಿಸಿದ ಒಂದು ಫೈಲು, ಒಂದು ನೋಟ್‌ಪುಸ್ತಕ, ತೋಳಿಗೆ ಕಟ್ಟುವ ಬಿಪಿ ಯಂತ್ರ, ತೂಕ ನೋಡುವ ಯಂತ್ರ ಮತ್ತು ಮಿಲಿಲೀಟರ್ ಗುರುತಿರುವ ಒಂದು ಜಗ್ಗು. ನನ್ನ ಅಮ್ಮನಿಗೆ ಈ ಕಾಯಿಲೆ ಇದ್ದಾಗ ನಾವು ವರದಿಗಳನ್ನು ಸೀರೆ ಅಂಗಡಿಯ ಚೀಲದಲ್ಲಿ ತುಂಬಿಕೊಂಡು ಹೋಗುತ್ತಿದ್ದೆವು; ವೈದ್ಯರು ಕೊಡುವ ಹತ್ತು ನಿಮಿಷದಲ್ಲಿ ಅರ್ಧಕ್ಕಿಂತ ಹೆಚ್ಚು ಹುಡುಕುವುದರಲ್ಲೇ ಹೋಗುತ್ತಿತ್ತು. ಫೈಲಿನ ಮಾತನ್ನು ಮೊದಲಿಗೇ ಹೇಳಿದ್ದು ಅದಕ್ಕೆ.

1. ವರದಿಯನ್ನು ಓದಿ, ಕಾಯಿಲೆ ಯಾವ ಹಂತದಲ್ಲಿದೆ ಎಂದು ತಿಳಿಯಿರಿ

ಕ್ರಿಯಾಟಿನಿನ್ ಎಂಬುದು ಸ್ನಾಯುಗಳಿಂದ ಹುಟ್ಟಿ ಮೂತ್ರದಲ್ಲಿ ಹೊರಹೋಗಬೇಕಾದ ಕಸ. ಮೂತ್ರಪಿಂಡ, ಅಂದರೆ ನಾವೆಲ್ಲ ಕಿಡ್ನಿ ಎನ್ನುವ ಅಂಗ, ಅದನ್ನು ಸರಿಯಾಗಿ ಸೋಸದಿದ್ದಾಗ ರಕ್ತದಲ್ಲಿ ಅದರ ಪ್ರಮಾಣ ಏರುತ್ತದೆ. ಆದರೆ ಅದೊಂದೇ ಅಂಕಿಯಿಂದ ಹಂತ ಗೊತ್ತಾಗುವುದಿಲ್ಲ, ಏಕೆಂದರೆ ಒಂದೇ ಕ್ರಿಯಾಟಿನಿನ್ ಮೂವತ್ತು ವರ್ಷದ ಗಟ್ಟಿ ಆಳಿನಲ್ಲೂ ಎಪ್ಪತ್ತೈದರ ಸಣಕಲು ಅಜ್ಜಿಯಲ್ಲೂ ಬೇರೆ ಬೇರೆ ಅರ್ಥ ಕೊಡುತ್ತದೆ. ಆದ್ದರಿಂದ ವಯಸ್ಸು ಮತ್ತು ಲಿಂಗವನ್ನು ಸೇರಿಸಿ ಲೆಕ್ಕ ಹಾಕಿದ ಇಜಿಎಫ್‌ಆರ್ ಎಂಬ ಅಂಕಿಯನ್ನು ನೋಡಬೇಕು. ಒಂದು ನಿಮಿಷಕ್ಕೆ ಮೂತ್ರಪಿಂಡಗಳು ಎಷ್ಟು ಮಿಲಿಲೀಟರ್ ರಕ್ತದ್ರವವನ್ನು ಸೋಸುತ್ತಿವೆ ಎಂಬ ಅಂದಾಜು ಅದು. 15ರಿಂದ 29ರವರೆಗೆ ಇದ್ದರೆ ನಾಲ್ಕನೆಯ ಹಂತ, 15ಕ್ಕಿಂತ ಕಡಿಮೆ ಇದ್ದರೆ ಐದನೆಯ ಹಂತ. ವರದಿಯಲ್ಲಿ ಈ ಅಂಕಿ ಅಚ್ಚಾಗಿರದಿದ್ದರೆ ವೈದ್ಯರನ್ನು ಕೇಳಿ ಬರೆಸಿಕೊಳ್ಳಿ.

ಕಾಯಿಲೆ ದೀರ್ಘಕಾಲದ್ದೇ ಎಂಬುದೂ ಖಚಿತವಾಗಬೇಕು. ಮೂರು ತಿಂಗಳಿಗಿಂತ ಹೆಚ್ಚು ಕಾಲದಿಂದ ದೋಷ ಇದ್ದರೆ ಮಾತ್ರ ಅದನ್ನು ದೀರ್ಘಕಾಲದ ಕಾಯಿಲೆ ಎನ್ನುತ್ತಾರೆ. ಮಲೆನಾಡು, ಕರಾವಳಿಗಳಲ್ಲಿ ಇಲಿಜ್ವರ ಬಂದಾಗ, ಹಾವು ಕಚ್ಚಿದಾಗ, ವಿಪರೀತ ವಾಂತಿಭೇದಿಯಾದಾಗ ಮೂತ್ರಪಿಂಡ ಹಠಾತ್ತನೆ ನಿಂತು, ಚಿಕಿತ್ಸೆಯ ನಂತರ ಮತ್ತೆ ಚೇತರಿಸಿಕೊಳ್ಳುವುದುಂಟು. ಕಲ್ಲು ಅಥವಾ ದೊಡ್ಡದಾದ ಪ್ರಾಸ್ಟೇಟ್ ಗ್ರಂಥಿ ಮೂತ್ರದ ದಾರಿಗೆ ಅಡ್ಡಬಂದಿದ್ದರೆ, ಆ ಅಡ್ಡಿ ತೆಗೆದ ಮೇಲೆ ಅಂಕಿಗಳು ಸುಧಾರಿಸಬಹುದು. ಹಾಗಾಗಿ ಹಳೆಯ ರಕ್ತಪರೀಕ್ಷೆಗಳು ಎಲ್ಲೇ ಇದ್ದರೂ ಹುಡುಕಿ ತನ್ನಿ. ಎರಡು ವರ್ಷದ ಹಿಂದೆ ಕಣ್ಣಿನ ಶಸ್ತ್ರಚಿಕಿತ್ಸೆಗೆಂದು ಮಾಡಿಸಿದ ಪರೀಕ್ಷೆಯ ಚೀಟಿ ಕೂಡ ಇಲ್ಲಿ ಬೆಲೆಬಾಳುತ್ತದೆ.

ಎಚ್ಚರ: "ಮೂತ್ರ ಚೆನ್ನಾಗಿಯೇ ಹೋಗುತ್ತಿದೆಯಲ್ಲ, ಕಿಡ್ನಿ ಹಾಳಾಗಿರಲು ಹೇಗೆ ಸಾಧ್ಯ?" ಎಂಬ ವಾದವನ್ನು ನಂಬಬೇಡಿ. ನೀರು ಹೊರಹೋಗುತ್ತಿದ್ದರೂ ಅದರ ಜೊತೆ ಹೋಗಬೇಕಾದ ಕಸ ಒಳಗೇ ಉಳಿಯಬಹುದು. ಹಾಗೆಯೇ "ಎರಡೂ ಕಿಡ್ನಿ ಫೇಲ್" ಎಂಬ ಮಾತು ಕೇಳಿ ಎಲ್ಲ ಮುಗಿದೇಹೋಯಿತು ಎಂದುಕೊಳ್ಳಬೇಡಿ; ಈ ಕಾಯಿಲೆ ಸಾಮಾನ್ಯವಾಗಿ ಎರಡನ್ನೂ ಒಟ್ಟಿಗೇ ತಾಗುತ್ತದೆ, ಆದರೂ ಉಳಿದ ಸಾಮರ್ಥ್ಯದಲ್ಲಿ ಅವು ಕೆಲಸ ಮಾಡುತ್ತಲೇ ಇರುತ್ತವೆ.

2. ರೋಗಿಗೆ ಹೇಳಿ

ನಮ್ಮ ಮನೆಗಳಲ್ಲಿ ಇದು ಅತ್ಯಂತ ಕಷ್ಟದ ಹೆಜ್ಜೆ. ಮಕ್ಕಳು ವೈದ್ಯರನ್ನು ಹೊರಗೆ ಕರೆದು "ಅಮ್ಮನಿಗೆ ಹೇಳಬೇಡಿ, ಎದೆ ಒಡೆದುಕೊಳ್ಳುತ್ತಾರೆ" ಎಂದು ಕೇಳಿಕೊಳ್ಳುವುದು ಸಾಮಾನ್ಯ. ಅವರ ಪ್ರೀತಿಯಲ್ಲಿ ಸಂದೇಹವಿಲ್ಲ, ಆದರೆ ಈ ಕಾಯಿಲೆಯಲ್ಲಿ ಮುಚ್ಚಿಡುವುದು ಕಾರ್ಯಸಾಧ್ಯವೇ ಅಲ್ಲ. ಉಪ್ಪು ಬಿಡಬೇಕಾದವರು, ಮುಂದೆ ಡಯಾಲಿಸಿಸ್‌ಗೆ ಬೇಕಾಗುವ ಕೈಯ ರಕ್ತನಾಳ ಕಾಪಾಡಿಕೊಳ್ಳಬೇಕಾದವರು, ವಾರಕ್ಕೆ ಮೂರು ದಿನ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಬೇಕಾದವರು ಅವರೇ. ಕಾರಣ ಹೇಳದೆ ಉಪ್ಪಿನಕಾಯಿ ಭರಣಿಯನ್ನು ಅಟ್ಟಕ್ಕೇರಿಸಿದರೆ ಅವರು ಕದ್ದು ತಿನ್ನುತ್ತಾರೆ, ಅಥವಾ ಸೊಸೆಯ ಮೇಲೆ ಸಿಟ್ಟಾಗುತ್ತಾರೆ.

ಹೇಳುವಾಗ ಮನೆಯಲ್ಲಿ ಜನ ಕಡಿಮೆ ಇರುವ ಹೊತ್ತನ್ನು ಆರಿಸಿಕೊಳ್ಳಿ, ಮತ್ತು "ನಿಮಗೆ ಎಷ್ಟು ಗೊತ್ತಿದೆ? ಡಾಕ್ಟರು ಏನು ಹೇಳಿದರು ಅನ್ನಿಸುತ್ತದೆ?" ಎಂದು ಅವರಿಂದಲೇ ಆರಂಭಿಸಿ. ಎಷ್ಟೋ ಸಲ ಅವರಿಗೆ ಅರ್ಧ ಗೊತ್ತಿರುತ್ತದೆ. ಉಳಿದರ್ಧವನ್ನು ಅವರು ನಿಜಕ್ಕಿಂತ ಭೀಕರವಾಗಿ ಊಹಿಸಿಕೊಂಡಿರುತ್ತಾರೆ. "ಏನೂ ಆಗಿಲ್ಲ" ಎಂದು ಸುಳ್ಳು ಹೇಳಬೇಡಿ, "ಇಷ್ಟೇ ದಿನ" ಎಂದು ಯಾರಿಗೂ ತಿಳಿಯದ ಲೆಕ್ಕವನ್ನೂ ಹಾಕಬೇಡಿ. ಕಿಡ್ನಿ ದುರ್ಬಲವಾಗಿದೆ, ಅದು ಮೊದಲಿನಂತೆ ಆಗುವುದಿಲ್ಲ, ಆದರೆ ಅದರ ಕೆಲಸವನ್ನು ಬೇರೆ ರೀತಿಯಲ್ಲಿ ಮಾಡಿಸುವ ದಾರಿಗಳಿವೆ, ಯಾವುದನ್ನು ಆರಿಸಬೇಕೆಂದು ನೀವೂ ನಮ್ಮ ಜೊತೆ ಕುಳಿತು ಯೋಚಿಸಬೇಕು ಎಂದರೆ ಮೊದಲ ದಿನಕ್ಕೆ ಸಾಕು. ಅವರು ಅತ್ತರೆ ತಡೆಯಬೇಡಿ. ಕೂಡಲೇ ಧೈರ್ಯದ ಭಾಷಣಕ್ಕೂ ಇಳಿಯಬೇಡಿ.

ನೆಂಟರಿಗೆ ಸುದ್ದಿ ಹೇಳುವ ಜವಾಬ್ದಾರಿಯನ್ನು ಒಬ್ಬರಿಗೇ ವಹಿಸಿ. ಇಲ್ಲವಾದರೆ ಸಂಜೆಯೊಳಗೆ ನಾಲ್ಕು ಊರಿನಿಂದ ನಾಲ್ಕು ಬಗೆಯ ಔಷಧಿಯ ಸಲಹೆಗಳು ಬಂದು, ಮನೆಯವರೊಳಗೇ ಮನಸ್ತಾಪ ಹುಟ್ಟುತ್ತದೆ.

3. ನೆಫ್ರಾಲಜಿಸ್ಟ್ ಒಬ್ಬರಲ್ಲಿ ನೆಲೆಯಾಗಿ ತೋರಿಸಿ

ನೆಫ್ರಾಲಜಿಸ್ಟ್ ಎಂದರೆ ಮೂತ್ರಪಿಂಡದ ಕಾಯಿಲೆಯ ತಜ್ಞ ವೈದ್ಯರು. ಕಲ್ಲು, ಪ್ರಾಸ್ಟೇಟ್ ಮುಂತಾದವುಗಳಿಗೆ ಶಸ್ತ್ರಚಿಕಿತ್ಸೆ ಮಾಡುವ ಯುರಾಲಜಿಸ್ಟ್ ಬೇರೆ. ಇಬ್ಬರನ್ನು ಗೊಂದಲ ಮಾಡಿಕೊಂಡು ತಿಂಗಳು ಕಳೆದವರಿದ್ದಾರೆ. ಎರಡನೆಯ ಅಭಿಪ್ರಾಯವನ್ನು ಒಮ್ಮೆ ಪಡೆಯುವುದು ತಪ್ಪಲ್ಲ, ಆದರೆ ಆಮೇಲೆ ಒಬ್ಬರಲ್ಲೇ ಉಳಿಯಿರಿ.

ಹೋಗುವಾಗ ರೋಗಿ ಸೇವಿಸುವ ಎಲ್ಲ ಔಷಧಿಗಳನ್ನೂ, ಕಷಾಯದ ಪುಡಿ, ಲೇಹ್ಯ, ಅಂಗಡಿಯಿಂದ ತಂದ ನೋವಿನ ಮಾತ್ರೆಗಳ ಸಹಿತ, ಒಂದು ಚೀಲದಲ್ಲಿ ಒಯ್ಯಿರಿ. ಕಾಯಿಲೆಗೆ ಕಾರಣ ಏನು, ಈಗಿನ ಹಂತ ಯಾವುದು, ಅಂಕಿ ಇಳಿಯುತ್ತಿರುವ ವೇಗ ಎಷ್ಟು, ಪೊಟ್ಯಾಸಿಯಂ ಮತ್ತು ಹಿಮೋಗ್ಲೋಬಿನ್ ಎಷ್ಟಿವೆ, ಬಿಪಿ ಎಷ್ಟರೊಳಗೆ ಇರಬೇಕು, ದಿನಕ್ಕೆ ಎಷ್ಟು ನೀರು ಕುಡಿಯಬಹುದು, ಕಿಡ್ನಿ ಕಸಿಗೆ (ದಾನಿಯ ಕಿಡ್ನಿಯನ್ನು ಜೋಡಿಸುವುದಕ್ಕೆ) ಇವರು ಅರ್ಹರೇ ಎಂಬ ಪ್ರಶ್ನೆಗಳನ್ನು ಮನೆಯಲ್ಲೇ ಬರೆದುಕೊಂಡು ಹೋಗಿ, ಉತ್ತರಗಳನ್ನು ಅಲ್ಲಿಯೇ ಬರೆದುಕೊಳ್ಳಿ.

ಲಸಿಕೆಗಳ ಬಗ್ಗೆಯೂ ಅದೇ ದಿನ ಕೇಳಿ. ಹೆಪಟೈಟಿಸ್ ಬಿ ಲಸಿಕೆಯನ್ನು ಇಂಥ ರೋಗಿಗಳಿಗೆ ದುಪ್ಪಟ್ಟು ಪ್ರಮಾಣದಲ್ಲಿ, ಸಾಮಾನ್ಯವಾಗಿ ಆರು ತಿಂಗಳ ಅವಧಿಯಲ್ಲಿ ಹಲವು ಬಾರಿ ಕೊಡಬೇಕಾಗುತ್ತದೆ. ಡಯಾಲಿಸಿಸ್ ಬಾಗಿಲಿಗೆ ಬಂದ ಮೇಲೆ ನೆನಪಾದರೆ ತಡವಾಗುತ್ತದೆ.

ಎಚ್ಚರ: ಸಕ್ಕರೆ ಕಾಯಿಲೆ ಇರುವವರಲ್ಲಿ ಮೂತ್ರಪಿಂಡ ಕುಗ್ಗಿದಂತೆ ರಕ್ತದ ಸಕ್ಕರೆ ತಾನಾಗಿ ಇಳಿಯತೊಡಗಬಹುದು. ಮನೆಯವರು ಇದನ್ನು ಗುಣವಾಗುತ್ತಿರುವ ಲಕ್ಷಣ ಎಂದುಕೊಂಡು ಹಿಗ್ಗುತ್ತಾರೆ, ಆಗಷ್ಟೇ ಶುರುಮಾಡಿದ ನಾಟಿ ಔಷಧಿಗೆ ಅದರ ಕೀರ್ತಿಯೂ ಸಲ್ಲುತ್ತದೆ. ನಿಜವಾದ ಕಾರಣವೆಂದರೆ, ಇನ್ಸುಲಿನ್ ಅನ್ನು ದೇಹದಿಂದ ತೆರವುಗೊಳಿಸುವ ಕೆಲಸದಲ್ಲಿ ಮೂತ್ರಪಿಂಡಕ್ಕೂ ಪಾಲಿದೆ. ಆ ಕೆಲಸ ನಿಧಾನವಾದಾಗ ಇನ್ಸುಲಿನ್ ಹೆಚ್ಚು ಹೊತ್ತು ಉಳಿಯುತ್ತದೆ. ಹಳೆಯ ಪ್ರಮಾಣವನ್ನೇ ಮುಂದುವರಿಸಿದರೆ ರಾತ್ರಿ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು. ಮೆಟ್‌ಫಾರ್ಮಿನ್ ಮಾತ್ರೆಯನ್ನು ಇಜಿಎಫ್‌ಆರ್ 30ಕ್ಕಿಂತ ಕೆಳಗಿಳಿದಾಗ ನಿಲ್ಲಿಸುತ್ತಾರೆ. ಈ ಬದಲಾವಣೆಗಳನ್ನು ವೈದ್ಯರಿಂದಲೇ ಮಾಡಿಸಿ.

4. ಉಳಿದ ಶಕ್ತಿಯನ್ನು ತಿನ್ನುವ ವಸ್ತುಗಳನ್ನು ಮನೆಯಿಂದ ಹೊರಹಾಕಿ

ಮೊದಲನೆಯದು ಮಂಡಿನೋವು, ಬೆನ್ನುನೋವಿಗೆ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಜಾತಿಯ ಮಾತ್ರೆಗಳು. ಇವು ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನೇ ಕಡಿಮೆ ಮಾಡುತ್ತವೆ. ನೋವಿದ್ದರೆ ಯಾವ ಮಾತ್ರೆ, ಎಷ್ಟು ಎಂದು ವೈದ್ಯರಿಂದ ಬರೆಸಿಕೊಳ್ಳಿ.

ಎರಡನೆಯದು "ಇದರಿಂದ ಕಿಡ್ನಿ ಮತ್ತೆ ಹುಟ್ಟುತ್ತದೆ" ಎಂದು ಮಾರುವ ಪುಡಿ, ಭಸ್ಮಗಳು. ಒಳಗೇನಿದೆ ಎಂದು ಹೊದಿಕೆಯ ಮೇಲೆ ಬರೆದಿರದ ಯಾವುದನ್ನೂ ಕೊಡಬೇಡಿ. ಸೀಸ, ಪಾದರಸದಂಥ ಲೋಹಗಳು ಸೇರಿದ ಔಷಧಿಗಳಿಂದ ಮೂತ್ರಪಿಂಡ ಕೆಟ್ಟ ಉದಾಹರಣೆಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಗಿಡಮೂಲಿಕೆ ಎಂದ ಮಾತ್ರಕ್ಕೆ ನಿರಪಾಯಕಾರಿ ಅಲ್ಲ. ನಮ್ಮಲ್ಲಿ ನಾಟಿ ಮದ್ದಿಗೆ ಬಳಸುವ ಈಶ್ವರಿ ಬಳ್ಳಿಯ ಜಾತಿಯ ಸಸ್ಯಗಳಲ್ಲಿ ಅರಿಸ್ಟೊಲೋಕಿಕ್ ಆಮ್ಲ ಎಂಬ ಅಂಶವಿದ್ದು, ಅದು ನೇರವಾಗಿ ಮೂತ್ರಪಿಂಡವನ್ನೇ ಕೆಡಿಸುತ್ತದೆ.

ಮೂರನೆಯದು ಕಮರಾಕ್ಷಿ, ಮಲೆನಾಡು ಕರಾವಳಿಯವರು ಧಾರೆಹುಳಿ ಎನ್ನುವ ಐದು ಏಣಿನ ಹುಳಿಹಣ್ಣು. ಆರೋಗ್ಯವಂತರಿಗೆ ಉಪ್ಪಿನಕಾಯಿಯ ರುಚಿ. ಈ ರೋಗಿಗಳಿಗೆ ಸ್ವಲ್ಪ ತಿಂದರೂ ನಿಲ್ಲದ ಬಿಕ್ಕಳಿಕೆ, ಗೊಂದಲ, ಫಿಟ್ಸ್, ಕೆಲವೊಮ್ಮೆ ಸಾವು ಕೂಡ ಸಂಭವಿಸಿದೆ. ಹಿತ್ತಲಲ್ಲಿ ಮರವಿದ್ದರೆ ರೋಗಿಗೂ ಅಡುಗೆ ಮಾಡುವವರಿಗೂ ಇದನ್ನು ಸ್ಪಷ್ಟವಾಗಿ ಹೇಳಿ.

ನಾಲ್ಕನೆಯದು ಬಿಪಿ ರೋಗಿಗಳಿಗೆಂದು ಮಾರುವ ಕಡಿಮೆ ಸೋಡಿಯಂ ಉಪ್ಪು. ಅದರಲ್ಲಿ ಸೋಡಿಯಂ ಬದಲಿಗೆ ಪೊಟ್ಯಾಸಿಯಂ ಕ್ಲೋರೈಡ್ ಸೇರಿಸಿರುತ್ತಾರೆ. ಪೊಟ್ಯಾಸಿಯಂ ಹೊರಹಾಕಲಾಗದವರಿಗೆ ಅದು ಅಪಾಯಕಾರಿ. ಬಣ್ಣದ ದ್ರವ ಚುಚ್ಚಿ ಮಾಡುವ ಸ್ಕ್ಯಾನ್ ಸೂಚಿಸಿದರೆ, ಕಿಡ್ನಿ ಕಾಯಿಲೆ ಇದೆ ಎಂದು ಮೊದಲೇ ತಿಳಿಸುವುದನ್ನೂ ಮರೆಯಬೇಡಿ.

5. ಅಡುಗೆಮನೆಯನ್ನು ಹೊಂದಿಸಿ, ಆದರೆ ರೋಗಿಯನ್ನು ಉಪವಾಸ ಕೆಡವಬೇಡಿ

ಇಲ್ಲಿ ಸ್ವಲ್ಪ ನಿಂತು ಓದಿ, ಏಕೆಂದರೆ ಮನೆಯವರ ಶ್ರಮ ಹೆಚ್ಚು ಖರ್ಚಾಗುವುದೂ ತಪ್ಪುಗಳು ಹೆಚ್ಚು ಆಗುವುದೂ ಇಲ್ಲಿಯೇ.

ಉಪ್ಪಿನಿಂದ ಆರಂಭಿಸೋಣ. ದಿನಕ್ಕೆ ಒಟ್ಟು 5 ಗ್ರಾಂ, ಅಂದರೆ ಸುಮಾರು ಒಂದು ಟೀ ಚಮಚದ ಒಳಗೆ ಇರಬೇಕು. ರೋಗಿಯ ಪಾಲಿನ ಉಪ್ಪನ್ನು ಬೆಳಿಗ್ಗೆಯೇ ಪುಟ್ಟ ಡಬ್ಬಿಗೆ ಹಾಕಿ, ಆ ದಿನದ ಅಡುಗೆಗೆಲ್ಲ ಅದರಿಂದಲೇ ಬಳಸಿದರೆ ಲೆಕ್ಕ ತಪ್ಪುವುದಿಲ್ಲ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಚಟ್ನಿಪುಡಿ, ಬೇಕರಿಯ ಖಾರದ ಬಿಸ್ಕತ್ತು, ಒಣಮೀನು ಇವೆಲ್ಲವೂ ಆ ಲೆಕ್ಕವನ್ನು ಒಂದೇ ಊಟದಲ್ಲಿ ಮೀರಿಸಬಲ್ಲವು.

ಪೊಟ್ಯಾಸಿಯಂ ಎಂಬುದು ಸ್ನಾಯು ಮತ್ತು ಹೃದಯದ ಬಡಿತವನ್ನು ನಿಯಂತ್ರಿಸುವ ಲವಣ. ರಕ್ತದಲ್ಲಿ ಸಾಧಾರಣವಾಗಿ ಲೀಟರ್‌ಗೆ 3.5ರಿಂದ 5ರವರೆಗೆ ಮಿಲಿಮೋಲ್ ಇರಬೇಕು, ತೀರಾ ಹೆಚ್ಚಾದರೆ ಹೃದಯ ನಿಲ್ಲಬಹುದು. ಕಾಯಿಲೆಯವರನ್ನು ನೋಡಲು ಬರುವವರು ಕೈಯಲ್ಲಿ ಹಿಡಿದು ತರುವ ಎಳನೀರು, ಮೋಸಂಬಿ, ಬಾಳೆಹಣ್ಣು ಮೂರರಲ್ಲಿಯೂ ಅದು ಹೇರಳವಾಗಿದೆ ಎಂಬುದು ವಿಪರ್ಯಾಸ. ಸೊಪ್ಪು, ಆಲೂಗೆಡ್ಡೆ, ಟೊಮೆಟೊ, ಒಣಹಣ್ಣುಗಳಲ್ಲಿಯೂ ಇದೆ. ಸೋರೆಕಾಯಿ, ಹೀರೇಕಾಯಿ, ಪಡವಲಕಾಯಿ, ಎಲೆಕೋಸುಗಳಲ್ಲಿ ಕಡಿಮೆ. ಹಣ್ಣುಗಳಲ್ಲಿ ಸೇಬು, ಅನಾನಸು ವಾಸಿ. ತರಕಾರಿಯನ್ನು ಸಣ್ಣಗೆ ಹೆಚ್ಚಿ, ಬೆಚ್ಚಗಿನ ನೀರಿನಲ್ಲಿ ಎರಡು ಗಂಟೆ ನೆನೆಸಿ ಆ ನೀರು ಚೆಲ್ಲಿ, ಮತ್ತೆ ಧಾರಾಳ ನೀರಿನಲ್ಲಿ ಬೇಯಿಸಿ ಬಸಿದರೆ ಪೊಟ್ಯಾಸಿಯಂನ ಒಂದು ಭಾಗ ನೀರಿನೊಂದಿಗೆ ಹೋಗುತ್ತದೆ.

ಬಸ್ಸಾರು ಮಾಡುವ ಮನೆಗಳಿಗೆ ಇಲ್ಲೊಂದು ವಿಶೇಷ ಸೂಚನೆ ಬೇಕು. ಸೊಪ್ಪು, ಕಾಳು ಬೇಯಿಸಿ ಬಸಿದ ಕಟ್ಟಿನಲ್ಲಿಯೇ ಪೊಟ್ಯಾಸಿಯಂ ಇಳಿದಿರುತ್ತದೆ. ಆ ಕಟ್ಟಿನಿಂದಲೇ ಸಾರು ಮಾಡಿ ರೋಗಿಗೆ ಬಡಿಸಿದರೆ ಬಸಿದದ್ದೇ ವ್ಯರ್ಥ. ಮನೆಮಂದಿಗೆ ಸಾರು, ರೋಗಿಗೆ ಅಳತೆಯ ಪಲ್ಯ ಎಂದು ಬೇರ್ಪಡಿಸಿ. ಹೋಳಿಗೆಯ ಬೇಳೆಯ ಕಟ್ಟಿನಿಂದ ಮಾಡುವ ಸಾರಿಗೂ ಇದೇ ಮಾತು ಅನ್ವಯಿಸುತ್ತದೆ.

ಇಷ್ಟು ಹೇಳಿದ ಮೇಲೆ ಅದಕ್ಕೆ ಎದುರಿನ ಎಚ್ಚರಿಕೆಯನ್ನೂ ಹೇಳಬೇಕು. ರಕ್ತದಲ್ಲಿ ಪೊಟ್ಯಾಸಿಯಂ ಏರದಿರುವವರಿಗೆ ಹಣ್ಣು ತರಕಾರಿಯನ್ನೆಲ್ಲ ನಿಲ್ಲಿಸುವ ಅಗತ್ಯವಿಲ್ಲ. ಪ್ರತಿ ನೆಂಟರೂ ಒಂದೊಂದು ಪದಾರ್ಥವನ್ನು ಬಿಡಿಸುತ್ತ ಹೋಗಿ, ಕೊನೆಗೆ ರೋಗಿ ಸಪ್ಪೆ ಅನ್ನ ಮತ್ತು ತಿಳಿಸಾರಿನ ಮೇಲೆ ಬದುಕಿ ಸೊರಗಿದ್ದನ್ನು ಕಂಡಿದ್ದೇನೆ. ಪ್ರೋಟೀನ್ ವಿಷಯದಲ್ಲಂತೂ ಈ ತಪ್ಪು ದುಬಾರಿ. ಡಯಾಲಿಸಿಸ್‌ಗೆ ಮುಂಚೆ ಬೇಳೆ, ಮೊಟ್ಟೆ, ಮೀನು, ಮಾಂಸವನ್ನು ಮಿತಿಯಲ್ಲಿ, ದೇಹತೂಕದ ಪ್ರತಿ ಕಿಲೋಗೆ ಸುಮಾರು 0.6ರಿಂದ 0.8 ಗ್ರಾಂ ಪ್ರೋಟೀನ್ ಸಿಗುವಷ್ಟು ಕೊಡಲು ಹೇಳುತ್ತಾರೆ. ಡಯಾಲಿಸಿಸ್ ಶುರುವಾದ ಮೇಲೆ ಅದು 1ರಿಂದ 1.2 ಗ್ರಾಂಗೆ ಏರಬೇಕು, ಏಕೆಂದರೆ ಡಯಾಲಿಸಿಸ್‌ನಲ್ಲೂ ಸ್ವಲ್ಪ ಪೋಷಕಾಂಶ ಸೋರಿಹೋಗುತ್ತದೆ. ಹಳೆಯ ಪಥ್ಯವನ್ನೇ ಮುಂದುವರಿಸುವ ಮನೆಗಳು ಬಹಳ. ಮುದ್ದೆ ಬಿಡಬೇಕೇ ಎಂದು ಹಲವರು ಕೇಳಿದ್ದೀರಿ: ರಾಗಿಯಲ್ಲಿ ಬಿಳಿ ಅಕ್ಕಿಗಿಂತ ಪೊಟ್ಯಾಸಿಯಂ, ರಂಜಕ (ಫಾಸ್ಫರಸ್) ಎರಡೂ ಹೆಚ್ಚು, ಆದ್ದರಿಂದ ವರದಿಯನ್ನು ಆಸ್ಪತ್ರೆಯ ಆಹಾರ ತಜ್ಞರಿಗೆ ತೋರಿಸಿ ಮುದ್ದೆಯ ಗಾತ್ರವನ್ನು ಗೊತ್ತುಮಾಡಿಕೊಳ್ಳಿ; ಪೂರ್ತಿ ಬಿಡುವ ತೀರ್ಮಾನವನ್ನು ನೀವೇ ತೆಗೆದುಕೊಳ್ಳಬೇಡಿ.

ನೀರಿನ ಬಗ್ಗೆ: "ಹೆಚ್ಚು ನೀರು ಕುಡಿದರೆ ಕಿಡ್ನಿ ತೊಳೆದು ಸ್ವಚ್ಛವಾಗುತ್ತದೆ" ಎಂಬ ನಂಬಿಕೆ ಈ ಹಂತದಲ್ಲಿ ಅಪಾಯ ತರುತ್ತದೆ. ಮೂತ್ರ ಕಡಿಮೆಯಾದವರಲ್ಲಿ ಹೆಚ್ಚಿನ ನೀರು ಕಾಲಿಗೂ ಶ್ವಾಸಕೋಶಕ್ಕೂ ಇಳಿಯುತ್ತದೆ. ಅಂಥವರಿಗೆ ಹಿಂದಿನ ದಿನದ ಮೂತ್ರದ ಪ್ರಮಾಣಕ್ಕೆ ಸುಮಾರು ಅರ್ಧ ಲೀಟರ್ ಸೇರಿಸಿದಷ್ಟು ದ್ರವ ಎಂಬ ಲೆಕ್ಕವನ್ನು ವೈದ್ಯರು ಕೊಡುವುದುಂಟು. ಕಾಫಿ, ಮಜ್ಜಿಗೆ, ಸಾರು, ಗಂಜಿ ಎಲ್ಲವೂ ಆ ಲೆಕ್ಕದೊಳಗೇ ಬರುತ್ತವೆ. ಎಲ್ಲರಿಗೂ ನೀರಿನ ಮಿತಿ ಬೇಕಿಲ್ಲ. ಮೂತ್ರ ಚೆನ್ನಾಗಿ ಬರುತ್ತಿರುವವರಿಗೆ ನೀರು ತಡೆದರೆ ಅದೂ ಹಾನಿಯೇ.

6. ಮುಂದಿನ ದಾರಿಯನ್ನು ಈಗಲೇ ಆರಿಸಿ

ದಾರಿಗಳು ನಾಲ್ಕು, ಪ್ರತಿಯೊಂದರ ಬಗ್ಗೆಯೂ ವೈದ್ಯರಲ್ಲಿ ಕೇಳಿ.

ಮೊದಲನೆಯದು ಹೀಮೋಡಯಾಲಿಸಿಸ್, ಅಂದರೆ ರಕ್ತವನ್ನು ಯಂತ್ರದ ಸೋಸುಕದ ಮೂಲಕ ಹರಿಸಿ ಮರಳಿ ದೇಹಕ್ಕೆ ಕಳಿಸುವುದು. ಸಾಮಾನ್ಯವಾಗಿ ವಾರಕ್ಕೆ 3 ಬಾರಿ, ಪ್ರತಿ ಬಾರಿ 4 ಗಂಟೆ. ಇದಕ್ಕೆ ಮುಂಗೈ ಅಥವಾ ತೋಳಿನಲ್ಲಿ ಅಪಧಮನಿಯನ್ನೂ ಅಭಿಧಮನಿಯನ್ನೂ ಶಸ್ತ್ರಚಿಕಿತ್ಸೆಯಿಂದ ಜೋಡಿಸುತ್ತಾರೆ. ಇದನ್ನೇ ಫಿಸ್ಟುಲಾ ಎನ್ನುವುದು. ಅದು ಬಲಿತು ಸೂಜಿ ತಾಳಲು ಕನಿಷ್ಠ 6 ವಾರ, ಹಲವರಿಗೆ 3 ತಿಂಗಳವರೆಗೂ ಬೇಕು. "ಈಗಲೇ ಯಾಕೆ ಕೈ ಕೊಯ್ಯಿಸುವುದು, ಬೇಕಾದಾಗ ನೋಡೋಣ" ಎಂಬುದು ನಾನು ಅತಿ ಹೆಚ್ಚು ಕೇಳಿದ ಮಾತು, ಅತಿ ಹೆಚ್ಚು ಪಶ್ಚಾತ್ತಾಪ ತಂದ ಮಾತೂ ಹೌದು. ಬೇಕಾದಾಗ ಅದು ಸಿದ್ಧವಿರುವುದಿಲ್ಲ, ಕುತ್ತಿಗೆಯ ನಳಿಕೆಯೇ ಗತಿಯಾಗುತ್ತದೆ, ಅದರಲ್ಲಿ ಸೋಂಕಿನ ಭಯ ಹೆಚ್ಚು. ನಾಲ್ಕನೆಯ ಹಂತ ಎಂದು ತಿಳಿದ ದಿನದಿಂದಲೇ, ಬಲಗೈಯವರಾದರೆ ಎಡಗೈಯ ರಕ್ತನಾಳಗಳನ್ನು ಕಾಪಾಡಿ: ಆ ಕೈಯಲ್ಲಿ ರಕ್ತ ತೆಗೆಯಲು, ಡ್ರಿಪ್ ಹಾಕಲು ಬಿಡಬೇಡಿ. ಫಿಸ್ಟುಲಾ ಆದ ಮೇಲೆ ಆ ಕೈಗೆ ಬಿಪಿ ಪಟ್ಟಿ, ಬಿಗಿ ಬಳೆ, ಭಾರದ ಚೀಲ ಯಾವುದೂ ಬೇಡ. ಪ್ರತಿ ಬೆಳಿಗ್ಗೆ ಅದರ ಮೇಲೆ ಬೆರಳಿಟ್ಟರೆ ಜುಂ ಎನ್ನುವ ಕಂಪನ ತಿಳಿಯಬೇಕು; ನಿಂತಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಎರಡನೆಯದು ಹೊಟ್ಟೆಯ ಮೂಲಕ ಮಾಡುವ ಪೆರಿಟೋನಿಯಲ್ ಡಯಾಲಿಸಿಸ್. ಹೊಟ್ಟೆಗೆ ಮೆತ್ತನೆಯ ನಳಿಕೆ ಅಳವಡಿಸಿ, ಸಾಮಾನ್ಯವಾಗಿ ಎರಡು ಲೀಟರಿನಷ್ಟು ದ್ರವವನ್ನು ಒಳಬಿಟ್ಟು ಕೆಲವು ಗಂಟೆಗಳ ನಂತರ ಹೊರತೆಗೆಯುತ್ತಾರೆ. ದಿನಕ್ಕೆ ಮೂರು ನಾಲ್ಕು ಸಲ ಇದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಡಯಾಲಿಸಿಸ್ ಕೇಂದ್ರ ಅರವತ್ತು ಎಪ್ಪತ್ತು ಕಿಲೋಮೀಟರ್ ದೂರದಲ್ಲಿರುವ ಊರಿನವರು ಇದರ ಬಗ್ಗೆ ತಾವಾಗಿಯೇ ಕೇಳಬೇಕು. ಕೈಗಳ ಶುಚಿತ್ವ ಕಟ್ಟುನಿಟ್ಟಾಗಿರಬೇಕು. ಹೊರಬಂದ ದ್ರವ ಮಬ್ಬಾಗಿದ್ದರೆ ಅದು ಸೋಂಕಿನ ಗುರುತು.

"ಡಯಾಲಿಸಿಸ್ ಒಮ್ಮೆ ಮಾಡಿಸಿದರೆ ಅದೇ ಅಭ್ಯಾಸವಾಗಿಬಿಡುತ್ತದೆ" ಎಂಬ ಮಾತಿನಲ್ಲಿ ಹುರುಳಿಲ್ಲ. ಮತ್ತೆ ಮತ್ತೆ ಬೇಕಾಗುವುದು ಮೂತ್ರಪಿಂಡ ಚೇತರಿಸಿಕೊಳ್ಳದ ಕಾರಣದಿಂದ; ಚೇತರಿಸಿಕೊಂಡ ಇಲಿಜ್ವರದ ರೋಗಿಗಳಲ್ಲಿ ಅದನ್ನು ನಿಲ್ಲಿಸುತ್ತಾರೆ. ಹಾಗೆಂದು ಅವಸರಪಡುವುದೂ ಬೇಡ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ 828 ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಐಡಿಯಲ್ ಎಂಬ ಅಧ್ಯಯನದಲ್ಲಿ, ಅಂಕಿ ನೋಡಿ ಬೇಗ ಆರಂಭಿಸಿದವರು ಹೆಚ್ಚು ಕಾಲ ಬದುಕಲಿಲ್ಲ ಎಂದು ಕಂಡಿತು. ಆದ್ದರಿಂದ ಲಕ್ಷಣಗಳನ್ನೂ ಅಂಕಿಗಳನ್ನೂ ಒಟ್ಟಿಗೆ ನೋಡಿ ವೈದ್ಯರು ಸಮಯ ಹೇಳುತ್ತಾರೆ. ಸಿದ್ಧತೆ ಮಾತ್ರ ಮೊದಲೇ ಆಗಿರಬೇಕು.

ಮೂರನೆಯದು ಕಸಿ. ಸೂಕ್ತ ದಾನಿ ಇದ್ದರೆ ಡಯಾಲಿಸಿಸ್ ಆರಂಭಿಸುವ ಮುಂಚೆಯೇ ಕಸಿ ಮಾಡಬಹುದು ಎಂಬುದು ಅನೇಕರಿಗೆ ತಿಳಿದಿರುವುದಿಲ್ಲ. 1994ರ ಮಾನವ ಅಂಗಾಂಗ ಕಸಿ ಕಾಯಿದೆಯ ಪ್ರಕಾರ, 2011ರ ತಿದ್ದುಪಡಿಯೂ ಸೇರಿ, ತಂದೆ, ತಾಯಿ, ಮಕ್ಕಳು, ಒಡಹುಟ್ಟಿದವರು, ಗಂಡ ಹೆಂಡತಿ, ಅಜ್ಜ ಅಜ್ಜಿ, ಮೊಮ್ಮಕ್ಕಳು ಹತ್ತಿರದ ಬಂಧುಗಳು. ಬೇರೆಯವರು ಕೊಡುವುದಾದರೆ ಅಧಿಕೃತ ಸಮಿತಿಯ ಅನುಮತಿ ಬೇಕು. ರಕ್ತದ ಗುಂಪು ಹೊಂದದಿದ್ದರೆ, ಅಂಥದೇ ಇನ್ನೊಂದು ಕುಟುಂಬದೊಂದಿಗೆ ದಾನಿಗಳನ್ನು ಅದಲುಬದಲು ಮಾಡಿಕೊಳ್ಳಲು ಕಾನೂನಿನಲ್ಲಿ ಅವಕಾಶವಿದೆ. ದಾನಿ ಇಲ್ಲದವರು, ಮರಣಾನಂತರ ದಾನವಾದ ಅಂಗಕ್ಕಾಗಿ ಕಸಿ ಮಾಡುವ ಆಸ್ಪತ್ರೆಯ ಮೂಲಕ ಕರ್ನಾಟಕದ ಜೀವಸಾರ್ಥಕತೆ ಸಂಸ್ಥೆಯ ಕಾಯುವ ಪಟ್ಟಿಯಲ್ಲಿ ಹೆಸರು ನೋಂದಾಯಿಸಬೇಕು. ರಕ್ತಹೀನತೆಗೆ ಪದೇಪದೇ ರಕ್ತ ಹಾಕಿಸಿದರೆ ಮುಂದೆ ಕಸಿ ಹೊಂದಾಣಿಕೆ ಕಷ್ಟವಾಗಬಹುದು. ಕಬ್ಬಿಣಾಂಶ ಮತ್ತು ದೇಹದಲ್ಲೇ ರಕ್ತ ಹೆಚ್ಚಿಸುವ ಎರಿತ್ರೊಪೊಯೆಟಿನ್ ಚುಚ್ಚುಮದ್ದಿನ ಬಗ್ಗೆ ಮೊದಲು ಕೇಳಿ.

ನಮ್ಮ ದೇಶದಲ್ಲಿ ಜೀವಂತ ದಾನಿಗಳಲ್ಲಿ ಹೆಂಗಸರೇ ಹೆಚ್ಚು. ಹೆಂಡತಿಯೋ ತಾಯಿಯೋ ಕೊಡುವುದು ಸಹಜ ಎಂದು ಮನೆಯೇ ತೀರ್ಮಾನಿಸಿಬಿಟ್ಟಿರುತ್ತದೆ. ದಾನಿಯಾಗುವವರೊಂದಿಗೆ ಏಕಾಂತದಲ್ಲಿ ಮಾತಾಡಿ, ಬೇಡ ಎನ್ನುವ ಸ್ವಾತಂತ್ರ್ಯ ಅವರಿಗೆ ನಿಜವಾಗಿಯೂ ಇರಲಿ. ಹಣಕ್ಕೆ ಕಿಡ್ನಿ ಕೊಡಿಸುತ್ತೇನೆಂದು ಬರುವ ದಲ್ಲಾಳಿಗಳನ್ನು ಹೊಸ್ತಿಲು ದಾಟಿಸಬೇಡಿ; ಅಂಗ ವ್ಯಾಪಾರಕ್ಕೆ 5ರಿಂದ 10 ವರ್ಷ ಜೈಲು, 20 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ದಂಡವಿದೆ.

ನಾಲ್ಕನೆಯದು ಡಯಾಲಿಸಿಸ್ ಇಲ್ಲದೆ ಲಕ್ಷಣಗಳನ್ನು ಶಮನಗೊಳಿಸುತ್ತ ಸಾಗುವ ಚಿಕಿತ್ಸೆ. ವಯಸ್ಸು ಬಹಳವಾಗಿ, ಹೃದಯವೂ ದುರ್ಬಲವಾಗಿರುವವರಿಗೆ ಇದು ಯೋಗ್ಯ ಆಯ್ಕೆಯಾಗಬಹುದು. ಇದನ್ನು ಕೈಬಿಡುವುದು ಎಂದು ತಿಳಿಯಬಾರದು. ಉಬ್ಬಸ, ತುರಿಕೆ, ವಾಕರಿಕೆ, ನೋವುಗಳಿಗೆ ಔಷಧಿ ಮುಂದುವರಿಯುತ್ತದೆ. ರೋಗಿಯ ಇಷ್ಟವೇ ಇಲ್ಲಿ ಮುಖ್ಯ. ತನಗೆ ಯಾವ ಚಿಕಿತ್ಸೆ ಬೇಡ ಎಂದು ಮುಂಚಿತವಾಗಿ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಮಾನ್ಯ ಮಾಡಿ, 2023ರಲ್ಲಿ ಅದರ ವಿಧಾನವನ್ನು ಸರಳಗೊಳಿಸಿದೆ.

7. ಹಣ ಮತ್ತು ಕಾಗದಪತ್ರ

ಪಡಿತರ ಚೀಟಿ, ಆಧಾರ್, ವೈದ್ಯರ ಪತ್ರಗಳ ಪ್ರತಿಗಳನ್ನು ಫೈಲಿನಲ್ಲಿಯೇ ಇಡಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್ ಕುಟುಂಬಕ್ಕೆ ನಿಗದಿತ ದರದ ಶೇಕಡಾ 30ರಂತೆ ವರ್ಷಕ್ಕೆ 1.5 ಲಕ್ಷದವರೆಗೆ ನೆರವಿದೆ. ಇದು ಮೊದಲು ಹಣ ಕಟ್ಟಿ ಆಮೇಲೆ ಮರಳಿ ಪಡೆಯುವ ಯೋಜನೆಯಲ್ಲ. ದಾಖಲಾಗುವ ಮುಂಚೆಯೇ, ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯಮಿತ್ರರನ್ನು ಕಾಣಿ, ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕೇ ಎಂದು ಕೇಳಿ. ಜಿಲ್ಲಾ ಆಸ್ಪತ್ರೆಗಳಲ್ಲಿಯೂ ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲಿಯೂ ಡಯಾಲಿಸಿಸ್ ಘಟಕಗಳಿವೆ. ಸರದಿ ಸಿಗಲು ಸಮಯ ಹಿಡಿಯಬಹುದಾದ್ದರಿಂದ ಅಗತ್ಯ ಬೀಳುವ ಮುಂಚೆಯೇ ಹೋಗಿ ವಿಚಾರಿಸಿ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿರುವ ನೆಫ್ರೋ ಯುರಾಲಜಿ ಸಂಸ್ಥೆ ಈ ಕಾಯಿಲೆಗೇ ಮೀಸಲಾದ ಸರ್ಕಾರಿ ಸಂಸ್ಥೆ. ಆರೋಗ್ಯ ಸಹಾಯವಾಣಿ 104ರಲ್ಲಿ ಮಾಹಿತಿ ಸಿಗುತ್ತದೆ. ವಾರಕ್ಕೆ ಮೂರು ಸಲದ ಓಡಾಟದ ಖರ್ಚನ್ನು ಲೆಕ್ಕಕ್ಕೆ ಹಿಡಿಯದ ಕುಟುಂಬಗಳೇ ಹೆಚ್ಚು. 2023ರ ಜೂನ್‌ನಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದಾಗಿ, ರೋಗಿಯೋ ಜೊತೆಗಾರರೋ ಹೆಂಗಸರಾಗಿದ್ದರೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಅವರ ಟಿಕೆಟ್ಟಿನ ಹಣ ಉಳಿಯುತ್ತದೆ.

ಎಚ್ಚರ: ದುಡ್ಡಿಲ್ಲವೆಂದು ಮೂರು ಸಲದ ಡಯಾಲಿಸಿಸ್ ಅನ್ನು ಎರಡಕ್ಕೋ ಒಂದಕ್ಕೋ ನೀವೇ ಇಳಿಸಬೇಡಿ. ಮೊದಲು ವೈದ್ಯರಿಗೆ ತೊಂದರೆಯನ್ನು ಹೇಳಿ. ಸರ್ಕಾರಿ ಘಟಕಕ್ಕೆ ವರ್ಗಾಯಿಸಿಕೊಳ್ಳುವುದು ಸಾಧ್ಯವಿರಬಹುದು.

8. ಕಾಯದೆ ಓಡಬೇಕಾದ ಲಕ್ಷಣಗಳನ್ನು ಗೋಡೆಗೆ ಅಂಟಿಸಿ

ಮಲಗಿದರೆ ಉಸಿರು ಕಟ್ಟುವುದು, ಎದೆನೋವು, ಕೈಕಾಲು ಇದ್ದಕ್ಕಿದ್ದಂತೆ ಸೋಲುವುದು ಅಥವಾ ಎದೆಬಡಿತ ತಪ್ಪುವುದು, ಮೂತ್ರ ಪೂರ್ತಿ ನಿಲ್ಲುವುದು, ಮಂಪರು, ತೊದಲು ಮಾತು, ಫಿಟ್ಸ್, ನಿಲ್ಲದ ವಾಂತಿ, ನಳಿಕೆ ಇರುವವರಲ್ಲಿ ಚಳಿಜ್ವರ. ಇವುಗಳಲ್ಲಿ ಯಾವುದು ಕಂಡರೂ 108ಕ್ಕೆ ಕರೆ ಮಾಡಿ. ಫಿಸ್ಟುಲಾದಿಂದ ರಕ್ತ ಚಿಮ್ಮಿದರೆ ಆ ಜಾಗವನ್ನು ಬೆರಳಿನಿಂದ ಬಿಗಿಯಾಗಿ ಒತ್ತಿ ಹಿಡಿದುಕೊಂಡೇ ಆಸ್ಪತ್ರೆಗೆ ಸಾಗಿಸಿ. ಒತ್ತಿದ ಬೆರಳನ್ನು ನೋಡುವ ಕುತೂಹಲಕ್ಕೆ ತೆಗೆಯಬೇಡಿ.

9. ನೋಡಿಕೊಳ್ಳುವವರನ್ನೂ ನೋಡಿಕೊಳ್ಳಿ

ಈ ಸೇವೆ ನಾಲ್ಕು ದಿನದ್ದಲ್ಲ, ವರ್ಷಗಳದ್ದು. ಮೊದಲ ತಿಂಗಳ ಉತ್ಸಾಹದಲ್ಲಿ ಒಬ್ಬರೇ ಎಲ್ಲವನ್ನೂ ಹೊತ್ತುಕೊಂಡರೆ ಆರನೆಯ ತಿಂಗಳಿಗೆ ಅವರೇ ಮಲಗುತ್ತಾರೆ. ಆಸ್ಪತ್ರೆಗೆ ಯಾವ ದಿನ ಯಾರು, ಔಷಧಿ ತರುವವರು ಯಾರು, ಖರ್ಚಿನ ಪಾಲು ಎಷ್ಟು ಎಂಬುದನ್ನು ಒಡಹುಟ್ಟಿದವರು ಕುಳಿತು ಬರೆದುಕೊಳ್ಳಿ. ದೂರದ ಊರಿನಲ್ಲೋ ವಿದೇಶದಲ್ಲೋ ಇರುವ ಮಗ ಹಣ ಕಳಿಸಿದ ಮಾತ್ರಕ್ಕೆ ಊರಲ್ಲಿರುವ ಮಗಳ ದಣಿವು ಇಳಿಯುವುದಿಲ್ಲ ಎಂಬುದೂ ಆ ಮಾತುಕತೆಯಲ್ಲಿ ಬರಲಿ. ಅವನು ವರ್ಷಕ್ಕೆ ಎರಡು ವಾರ ಬಂದು ಆಕೆಗೆ ಬಿಡುವು ಕೊಡಬಹುದು, ಯೋಜನೆಗಳ ಅರ್ಜಿ ಕೆಲಸವನ್ನು ಫೋನಿನಲ್ಲೇ ನಿಭಾಯಿಸಬಹುದು.

ರೋಗಿಯ ಸಿಟ್ಟನ್ನು ನಿಮ್ಮ ಮೇಲಿನ ದ್ವೇಷ ಎಂದು ತಿಳಿಯಬೇಡಿ. ರಕ್ತದಲ್ಲಿ ಕಸ ಏರಿದಾಗ ನಿದ್ದೆಗೆಡುವುದು, ಕಿರಿಕಿರಿ, ಮಂಕುತನ ಈ ಕಾಯಿಲೆಯದೇ ಭಾಗ. ಆದರೆ ಎರಡು ವಾರಕ್ಕೂ ಮೀರಿ ಊಟ, ಮಾತು, ಆಸಕ್ತಿ ಎಲ್ಲವೂ ಕುಂದಿದ್ದರೆ, ಅದು ರೋಗಿಯಲ್ಲಾಗಲಿ ನಿಮ್ಮಲ್ಲಾಗಲಿ, ವೈದ್ಯರಿಗೆ ಹೇಳಬೇಕು. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಹಗಲು ರಾತ್ರಿ ಉಚಿತವಾಗಿ ಕನ್ನಡದಲ್ಲಿ ಮಾತಾಡಬಹುದು.

ಇನ್ನೊಂದು ಕೆಲಸ ಉಳಿಯಿತು, ಅದು ನಿಮ್ಮದೇ ಪರೀಕ್ಷೆ. ರೋಗಿಯ ಮಕ್ಕಳು ಮತ್ತು ಒಡಹುಟ್ಟಿದವರು, ಅದರಲ್ಲೂ ಸಕ್ಕರೆ ಕಾಯಿಲೆ ಅಥವಾ ಬಿಪಿ ಇರುವವರು, ವರ್ಷಕ್ಕೊಮ್ಮೆ ಬಿಪಿ, ಕ್ರಿಯಾಟಿನಿನ್ ಮತ್ತು ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನಿನ ಪ್ರಮಾಣ ಪರೀಕ್ಷಿಸಿಕೊಳ್ಳಬೇಕು. ಕಾಯಿಲೆಗೆ ಕಾರಣ ಮೂತ್ರಪಿಂಡದಲ್ಲಿ ನೀರುಗುಳ್ಳೆಗಳು ತುಂಬುವ ವಂಶವಾಹಿ ರೋಗವಾಗಿದ್ದರೆ, ಸ್ಕ್ಯಾನ್ ಯಾರಿಗೆ, ಯಾವಾಗ ಬೇಕೆಂದು ನೆಫ್ರಾಲಜಿಸ್ಟ್‌ರನ್ನೇ ಕೇಳಿ. ಅಲ್ಬುಮಿನ್ ಪರೀಕ್ಷೆಗೆ ಬೆಳಗಿನ ಮೊದಲ ಮೂತ್ರ ಒಳ್ಳೆಯದು. ಜ್ವರ ಇರುವಾಗ ಅಥವಾ ಮುಟ್ಟಿನ ದಿನಗಳಲ್ಲಿ ಕೊಟ್ಟರೆ ಫಲಿತಾಂಶ ತಪ್ಪಾಗಬಹುದಾದ್ದರಿಂದ ಒಂದು ವಾರ ಬಿಟ್ಟು ಕೊಡಿ.